ಹಳೆಯ ತಾರೆಯೋ, ಹೊಸ ತಾರೆಯೋ? ಚಿನ್ನದ ಲೇಪದ ಬೌದ್ಧ ಮೂರ್ತಿ ಕೊಳ್ಳುವ ಮುನ್ನ

ಕಳೆದ ದೀಪಾವಳಿ ಹೊತ್ತಿಗೆ ಗೆಳತಿಯೊಬ್ಬಳು ಫೋನಿಗೆ ಒಂದು ಫೋಟೋ ಕಳಿಸಿದಳು. ಒಂದು ಗೇಣು ಎತ್ತರದ, "ಹಸಿರು ತಾರೆ" ಅನ್ನುವ ಬೌದ್ಧ ದೇವಿಯ ಮೂರ್ತಿ. ಬಲಗಾಲು ಪೀಠದಿಂದ ಕೆಳಗಿಳಿದು ಪುಟ್ಟ ಕಮಲವೊಂದರ ಮೇಲೆ ಊರಿದೆ. ಎರಡೂ ಭುಜದ ಪಕ್ಕ ಹೂವಿನ ಬಳ್ಳಿ. ಮೊಣಕಾಲಿನ ಹತ್ತಿರ ಚಿನ್ನ ಸವೆದು ಒಳಗಿನ ಕೆಂಪು ತಾಮ್ರ ಕಾಣುತ್ತಿತ್ತು. ಕೆಳಗೆ ಮಾರುವವರು ಬರೆದಿದ್ದರು: "ಟಿಬೆಟ್, 18ನೇ ಶತಮಾನ, ಗಿಲ್ಟ್ ಬ್ರಾಂಜ್." ಗಿಲ್ಟ್ ಬ್ರಾಂಜ್ ಅಂದರೆ ಚಿನ್ನ ಲೇಪಿಸಿದ ಕಂಚು. ಆ ಸಾಲಿನ ಕೆಳಗೆ ಅವಳ ಪ್ರಶ್ನೆ: "ತಗೊಳ್ಲಾ? ಇಲ್ಲಾ ಪಾಟನ್‌ನಲ್ಲಿ ಹೊಸದು ಮಾಡಿಸ್ಲಾ?"

ಪಾಟನ್ ಅಂದರೆ ನೇಪಾಳದ ಕಠ್ಮಂಡು ಪಕ್ಕದ, ಮೂರ್ತಿ ಕೆಲಸಕ್ಕೆ ಹೆಸರಾದ ಊರು. ಅವಳಿಗೆ ಬರೆದ ಉತ್ತರವೇ ಬೆಳೆದು ಈ ಬರಹ ಆಯ್ತು. ಎರಡು ದಾರಿ ಇದೆ ಅಂತ ಅವಳು ಅಂದುಕೊಂಡಿದ್ದಳು. ನನ್ನ ಲೆಕ್ಕದಲ್ಲಿ ಮೂರು ಇವೆ. ಕಾಗದಪತ್ರ ಸರಿಯಾಗಿರುವ ಹಳೆಯ ಮೂರ್ತಿ ಒಂದು. ಕಾಗದಪತ್ರ ಇಲ್ಲದ, "ಹಳೆಯದು" ಅಂತ ಬಾಯಲ್ಲಿ ಮಾತ್ರ ಹೇಳುವ ಮೂರ್ತಿ ಇನ್ನೊಂದು. ಹೊಸದು ಅಂತಲೇ ಹೇಳಿ ಮಾರುವ ಹೊಸ ಮೂರ್ತಿ ಮೂರನೆಯದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿಟ್ಟು ದಿನಾ ನೋಡಬೇಕು, ಎದುರಿಗೆ ಕೂತು ಧ್ಯಾನ ಮಾಡಬೇಕು ಅನ್ನುವವರು ಮೂರನೆಯದನ್ನು ಕೊಳ್ಳಲಿ. ಸಂಗ್ರಹದ ಹುಚ್ಚು, ಹಣ, ತಾಳ್ಮೆ ಮೂರೂ ಇದ್ದವರು ಮೊದಲನೆಯದಕ್ಕೆ ಹೋಗಲಿ. ಎರಡನೆಯದು ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಯಾರಿಗೂ ಬೇಡ.

ಯಾಕೆ ಅನ್ನುವುದಕ್ಕೆ ಮೂರ್ತಿಯ ಮೈಯಿಂದಲೇ ಶುರು ಮಾಡೋಣ.

ಕಂಚು ಅಂತಾರೆ, ಒಳಗಿರುವುದು ತಾಮ್ರ

ಕಂಚಿನ ಬೌದ್ಧ ಮೂರ್ತಿ ನಮಗೆ ಹೊಸದೇನಲ್ಲ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಯ ಲೋಕೇಶ್ವರ ಇದ್ದಾನೆ. ಆಳುಪರ ದೊರೆ ಕುಂದವರ್ಮ 968ರಲ್ಲಿ ಅವನನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಅಂತ ಪೀಠದ ಶಾಸನ ಹೇಳುತ್ತದೆ. ಗದಗದ ಹತ್ತಿರದ ಡಂಬಳದಲ್ಲಿ ತಾರಾದೇವಿಯನ್ನು ಸ್ತುತಿಸುವ 1095ರ ಶಾಸನವೂ ಇದೆ. ತಾರೆಯ ಫೋಟೋ ಬಂದಾಗ ನನಗೆ ಮೊದಲು ನೆನಪಾಗಿದ್ದು ಇವೇ. ಆದರೆ ಕದ್ರಿಯ ಲೋಕೇಶ್ವರ ಕಂಚಾಗಿಯೇ ನಿಂತಿದ್ದಾನೆ, ಮೈಮೇಲೆ ಚಿನ್ನದ ಲೇಪ ಇಲ್ಲ. ಹಿಮಾಲಯದ ದಾರಿ ಬೇರೆ. ಅಲ್ಲಿ ಚಿನ್ನಕ್ಕಾಗಿಯೇ ಲೋಹವನ್ನು ಆರಿಸುತ್ತಾರೆ.

ನೇಪಾಳದ ಹಳೆಯ ಮೂರ್ತಿಗಳಲ್ಲಿ ಹೆಚ್ಚಿನವು ಹೆಚ್ಚುಕಡಿಮೆ ಬರೀ ತಾಮ್ರ. ತಾಮ್ರವನ್ನು ಎರಕ ಹೊಯ್ಯುವುದು ಕಷ್ಟ. ಕಂಚು ಅಚ್ಚಿನ ಮೂಲೆಮೂಲೆಗೆ ಸಲೀಸಾಗಿ ಹರಿಯುತ್ತದೆ, ತಾಮ್ರ ತಡವರಿಸುತ್ತದೆ. ಆದರೂ ಕಠ್ಮಂಡು ಕಣಿವೆಯ ನೇವಾರರು ಆ ಕಷ್ಟವನ್ನೇ ಒಪ್ಪಿಕೊಂಡರು. ತಾಮ್ರದ ಮೇಲೆ ಚಿನ್ನ ಚೆನ್ನಾಗಿ ಕೂರುತ್ತದೆ. ಸೀಸ ಬೆರೆತ ಲೋಹದ ಮೇಲೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಹಾಗಾಗಿ "ಗಿಲ್ಟ್ ಬ್ರಾಂಜ್" ಅನ್ನುವುದು ಮಾರುಕಟ್ಟೆಯ ರೂಢಿಮಾತು ಅಂತ ತಿಳಿಯಿರಿ. ಒಳ್ಳೆಯ ಮಾರಾಟಗಾರರು "ಗಿಲ್ಟ್ ಕಾಪರ್" ಅಂತಲೋ "ತಾಮ್ರದ ಮಿಶ್ರಲೋಹ" ಅಂತಲೋ ಬರೆಯುತ್ತಾರೆ. ಆ ಒಂದು ಪದದಲ್ಲೇ ಅವರಿಗೆ ವಸ್ತು ಎಷ್ಟು ಗೊತ್ತು ಅನ್ನುವುದು ಸ್ವಲ್ಪ ಗೊತ್ತಾಗುತ್ತದೆ.

ಈಗ ಚಿನ್ನ. ಹಳೆಯ ಕ್ರಮವಾದ ಬೆಂಕಿ ಲೇಪದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ಬೆಣ್ಣೆಯಂಥ ಮುದ್ದೆ ಮಾಡುತ್ತಾರೆ. ಅದನ್ನು ಮೂರ್ತಿಯ ಮೈಗೆ ಉಜ್ಜಿ ಬೆಂಕಿಗೆ ಹಿಡಿಯುತ್ತಾರೆ. ಪಾದರಸ 357 ಡಿಗ್ರಿಯಲ್ಲಿ ಕುದಿಯುತ್ತದೆ. ಕಾವಿಗೆ ಅದು ಆವಿಯಾಗಿ ಹೋಗಿ ಚಿನ್ನ ತಾಮ್ರಕ್ಕೆ ಕಚ್ಚಿಕೊಂಡು ಉಳಿಯುತ್ತದೆ. ಮೊದಲಿಗೆ ಮಂಕಾಗಿರುತ್ತದೆ. ನುಣುಪು ಕಲ್ಲಿನಿಂದ ತಿಕ್ಕಿದ ಮೇಲೆ ಹೊಳಪು ಬರುತ್ತದೆ. ಆ ಆವಿ ವಿಷ. ಈ ಕೆಲಸ ಮಾಡುವ ಕುಶಲಕರ್ಮಿಗಳ ಶ್ವಾಸಕೋಶ, ನರಗಳು ಅದರಿಂದ ಕೆಟ್ಟಿವೆ. ಮೂರ್ತಿಯ ಹೊಳಪು ನೋಡುವಾಗ ಇದನ್ನೂ ನೆನೆಯಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕ್ರಮ ವಿದ್ಯುತ್ ಲೇಪ, ಅಂದರೆ ಎಲೆಕ್ಟ್ರೋಪ್ಲೇಟಿಂಗ್. ನಮ್ಮ ಪೇಟೆಗಳಲ್ಲಿ "ಒಂದು ಗ್ರಾಂ ಗೋಲ್ಡ್" ಒಡವೆಗೆ ಮಾಡುವುದು ಇದನ್ನೇ. ಬಣ್ಣ ಎಲ್ಲ ಕಡೆ ಒಂದೇ ಸಮ, ಪದರ ತೆಳು, ಹೊಳಪು ಕಣ್ಣಿಗೆ ಹೊಡೆಯುವಂಥದ್ದು. ಈ ತಂತ್ರ ವ್ಯಾಪಾರಕ್ಕೆ ಬಂದಿದ್ದು 1840ರ ಸುಮಾರಿಗೆ. ಹಾಗಾಗಿ "17ನೇ ಶತಮಾನ" ಅನ್ನುವ ಮೂರ್ತಿಯ ಮೈಮೇಲೆ ವಿದ್ಯುತ್ ಲೇಪ ಕಂಡರೆ ಎರಡರಲ್ಲಿ ಒಂದು ನಡೆದಿದೆ. ಮೂರ್ತಿ ಹೊಸದು, ಇಲ್ಲವೇ ಹಳೆಯದಕ್ಕೆ ಯಾರೋ ಆಮೇಲೆ ಬಣ್ಣ ಕಟ್ಟಿದ್ದಾರೆ. ಎರಡೂ ಬೆಲೆ ಇಳಿಸುವ ಸಂಗತಿಗಳೇ.

ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಎಕ್ಸ್‌ಆರ್‌ಎಫ್ ಅನ್ನುವ ಪರೀಕ್ಷೆಯಲ್ಲಿ ಮೂರ್ತಿಗೆ ಗಾಯ ಮಾಡದೆ ಅದರ ಲೋಹ ತಿಳಿಯಬಹುದು. ಚಿನ್ನದ ಜೊತೆ ಪಾದರಸ ಸಿಕ್ಕರೆ ಬೆಂಕಿ ಲೇಪ ಅಂತ ಗೊತ್ತಾಗುತ್ತದೆ. ಆ ರಿಪೋರ್ಟ್ ತೋರಿಸಿ "ನೋಡಿ, ಹಳೆಯದು" ಅಂತಾರೆ. ಆದರೆ ಪಾಟನ್‌ನಲ್ಲಿ ಇವತ್ತಿಗೂ ಪಾದರಸದ ಲೇಪ ನಡೆಯುತ್ತದೆ. ಪಾದರಸ ಸಿಕ್ಕರೆ ವಿಧಾನ ತಿಳಿಯಿತು, ವಯಸ್ಸು ತಿಳಿಯಲಿಲ್ಲ. ಒಳಗೆ ಎರಕದ ಮಣ್ಣು ಉಳಿದಿದ್ದರೆ ಥರ್ಮೋಲುಮಿನೆಸೆನ್ಸ್ ಪರೀಕ್ಷೆಯಿಂದ ಎರಕ ಹೊಯ್ದ ಕಾಲ ಅಂದಾಜು ಮಾಡಬಹುದು. ವಯಸ್ಸಿನ ಪ್ರಶ್ನೆಗೆ ಹತ್ತಿರ ಬರುವುದು ಅದು.

ಸವೆತವನ್ನೂ ಗಮನವಿಟ್ಟು ನೋಡಿ. ನೂರಾರು ವರ್ಷ ಕೈ ಮುಟ್ಟಿದ ಜಾಗ ಯಾವುದು? ಮೊಣಕಾಲು, ಮೂಗಿನ ತುದಿ, ಎದೆ, ಪೀಠದ ಅಂಚು. ಚಿನ್ನ ಅಲ್ಲಿ ಮೊದಲು ಹೋಗುತ್ತದೆ. ಮಡಿಕೆಗಳ ಒಳಗೆ, ಕಿವಿಯ ಹಿಂದೆ ಉಳಿಯುತ್ತದೆ. ಕೈ ತಾಕದ ಸಂದಿಯಲ್ಲಿ ಚಿನ್ನ ಹೋಗಿ, ಉಬ್ಬಿದ ಮೊಣಕಾಲಲ್ಲಿ ಫಳಫಳ ಉಳಿದಿದ್ದರೆ ಅದು ಸವೆದಿದ್ದಲ್ಲ, ಸವೆಸಿದ್ದು.

ಎಲ್ಲಿಯ ಮೂರ್ತಿ?

"ಟಿಬೆಟ್" ಅಂತ ಬರೆದುಬಿಡುವುದು ಸುಲಭ. ಆದರೆ ಒಂದೇ ತಾರೆ ನೇಪಾಳ, ಟಿಬೆಟ್, ಚೀನಾ, ಮಂಗೋಲಿಯಾಗಳಲ್ಲಿ ಬೇರೆಬೇರೆ ಮುಖ ಪಡೆದಿದ್ದಾಳೆ. ಬೆಲೆಯೂ ಅದರ ಮೇಲೇ ನಿಂತಿದೆ.

ನನ್ನ ಮನಸ್ಸು ಯಾವಾಗಲೂ ನೇಪಾಳದ ಕಡೆಗೆ ವಾಲುತ್ತದೆ. ಅಲ್ಲಿನ ಮೂರ್ತಿಗಳಲ್ಲಿ ಸೊಂಟದ ಬಾಗು, ಬೆರಳ ತುದಿ, ಕೆಳಗೆ ನೋಡುವ ಕಣ್ಣು ಎಲ್ಲದರಲ್ಲೂ ಒಂದು ಮೆದುತನ ಇದೆ. ಅಲ್ಲಿ ಪೂಜೆ ಅಂದರೆ ಮುಟ್ಟುವುದು, ಸಿಂಧೂರ ಹಚ್ಚುವುದು. ಹಾಗಾಗಿ ಮುಖ ಸವೆದಿರುತ್ತದೆ, ಸಂದಿಗಳಲ್ಲಿ ಕೆಂಪು ಉಳಿದಿರುತ್ತದೆ. ಅದನ್ನು ಕೊಳೆ ಅಂತ ತೆಗೆಸಬೇಡಿ, ಅದು ಮೂರ್ತಿ ಬಾಳಿದ ಬದುಕಿನ ಗುರುತು.

ಟಿಬೆಟ್‌ನಲ್ಲಿ ಪೂಜೆಗೊಂಡ ಮೂರ್ತಿಗೆ ಮುಖದ ಮೇಲೆ ಬೇರೆ ಚಿನ್ನ ಇರುತ್ತದೆ. ಅಂಟಿನಲ್ಲಿ ಕಲಸಿದ ಚಿನ್ನದ ಪುಡಿಯನ್ನು ಕುಂಚದಿಂದ ಹಚ್ಚಿರುತ್ತಾರೆ. ಅದರ ಮೇಲೆ ಕಣ್ಣು, ತುಟಿ ಬರೆದಿರುತ್ತಾರೆ. ಕೂದಲಿಗೆ ನೀಲಿ ಬಣ್ಣ. ಈ ನೀಲಿ ಕೂದಲು ತುಂಬಾ ಉಪಯೋಗದ ಸುಳಿವು. ನೇವಾರರು ಮಾಡಿದ ಮೂರ್ತಿ ಟಿಬೆಟ್‌ಗೆ ಹೋಗಿ ಅಲ್ಲಿ ಪೂಜೆಗೊಂಡಿದ್ದರೆ ಮೈ ನೇಪಾಳದ್ದು, ಕೂದಲು ಟಿಬೆಟ್‌ನದ್ದು. ಇಂಥವು ಬೇಕಾದಷ್ಟಿವೆ, ಯಾಕೆಂದರೆ ನೇವಾರ ಕಲಾವಿದರು ಶತಮಾನಗಳ ಕಾಲ ಟಿಬೆಟ್‌ನ ಮಠಗಳಿಗೆ ಕೆಲಸ ಮಾಡಿದರು. 1245ರಲ್ಲಿ ಹುಟ್ಟಿದ ಅರನಿಕೋ ಇನ್ನೂ ಮುಂದೆ ಹೋದ. ಟಿಬೆಟ್ ದಾಟಿ ಕುಬ್ಲೈ ಖಾನನ ಆಸ್ಥಾನ ಸೇರಿದ. ಬೀಜಿಂಗ್‌ನ ಬಿಳಿ ಸ್ತೂಪ ಅವನ ಕೆಲಸ.

ಚೀನಾದ ಅರಮನೆಯ ಕಾರ್ಖಾನೆಗಳಲ್ಲಿ ಆದ ಮೂರ್ತಿಗಳದ್ದು ಬೇರೆಯೇ ಲೋಕ. ಮಿಂಗ್ ದೊರೆ ಯೋಂಗ್ಲೆ 1402ರಿಂದ 1424ರವರೆಗೆ ಆಳಿದ. ಅವನ ಕಾಲದ ಮೂರ್ತಿಗಳ ಪೀಠದ ಮುಂಭಾಗದಲ್ಲಿ ಆರು ಚೀನೀ ಅಕ್ಷರಗಳ ಗುರುತು ಇರುತ್ತದೆ. ಅವನ್ನು ಎಡದಿಂದ ಬಲಕ್ಕೆ ಓದಬೇಕು. ಆಗಿನ ಚೀನೀ ಬರವಣಿಗೆ ಹಾಗಿರಲಿಲ್ಲ. ಟಿಬೆಟ್‌ನ ಲಾಮಾಗಳಿಗೆ ಕೊಡುಗೆಯಾಗಿ ಹೋಗುವ ಮೂರ್ತಿಗಳಾದ್ದರಿಂದ ಅವರ ಓದಿನ ದಿಕ್ಕಿಗೆ ಹೊಂದಿಸಿದ್ದರು. ಇಂಥ ಒಂದು ಶಾಕ್ಯಮುನಿ ಬುದ್ಧನ ಮೂರ್ತಿ 2013ರಲ್ಲಿ ಹಾಂಗ್‌ಕಾಂಗ್‌ನ ಸೋದಬೀಸ್ ಹರಾಜಿನಲ್ಲಿ 23.6 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ಆ ಗುರುತನ್ನು ನಕಲು ಮಾಡುವವರು ಯಾಕಿಷ್ಟು ಜನ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಆರು ಅಕ್ಷರ ಕಂಡ ಕೂಡಲೇ ಹಿಗ್ಗಬೇಡಿ. ದುಂಡಗೆ ತುಂಬಿಕೊಂಡ ಕಮಲದ ಎಸಳು, ಹಿಂಭಾಗದಲ್ಲೂ ಅಷ್ಟೇ ಶ್ರದ್ಧೆಯ ಕೆಲಸ, ದಪ್ಪ ಚಿನ್ನ ಇವೆಲ್ಲ ಜೊತೆಗಿರಬೇಕು.

ಕಡಿಮೆ ಹಣದಲ್ಲಿ ನಿಜವಾದ ಹಳೆಯದು ಬೇಕು ಅನ್ನುವವರಿಗೆ ಚೀನಾದ ಚಿಂಗ್ ರಾಜವಂಶದ ಕಾಲದ ಅಮಿತಾಯುಸ್ ಒಂದು ದಾರಿ. ಧ್ಯಾನದ ಕೈಗಳಲ್ಲಿ ಕಲಶ ಹಿಡಿದು ಕೂತ ದೀರ್ಘಾಯುಷ್ಯದ ಬುದ್ಧ. ಚಿಯಾನ್‌ಲಾಂಗ್ ದೊರೆಯ ಕಾಲದಲ್ಲಿ ಇವನ್ನು ರಾಶಿಗಟ್ಟಲೆ ಮಾಡಿಸಿದರು. 1770ರ ಇಸವಿ ಕೆತ್ತಿದವು ತುಂಬಾ ಸಿಗುತ್ತವೆ. ಕಲೆಯ ದೃಷ್ಟಿಯಿಂದ ಬಹುಪಾಲು ಸಾಧಾರಣ, ಆದರೆ ಇಸವಿಯೇ ಬರೆದಿರುವುದರಿಂದ ಹೋಲಿಸಿ ನೋಡುವುದು ಸುಲಭ. ಮಂಗೋಲಿಯಾದ ಲಾಮಾ, ಶಿಲ್ಪಿ ಜನಾಬಜಾರನ ಪರಂಪರೆಯವು ಅಪರೂಪ. ಸಾಮಾನ್ಯ ಅಂಗಡಿಯಲ್ಲಿ ಆ ಹೆಸರು ಕೇಳಿದರೆ ನಾನು ಅನುಮಾನದಿಂದಲೇ ಶುರು ಮಾಡುತ್ತೇನೆ.

ತಿರುಗಿಸಿ ಅಡಿ ನೋಡಿ

ಮೂರ್ತಿಯೊಳಗೆ ಮಂತ್ರ ಬರೆದ ಸುರುಳಿ, ನಡುವೆ ಒಂದು ಮರದ ಕಡ್ಡಿ, ಧಾನ್ಯ, ಕೆಲವೊಮ್ಮೆ ಪವಿತ್ರ ಅವಶೇಷ ಇಟ್ಟು ಅಡಿಯನ್ನು ತಾಮ್ರದ ತಗಡಿನಿಂದ ಮುಚ್ಚುತ್ತಾರೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ 60 ಅಡಿ ಬುದ್ಧನ ಒಳಗೂ ಗ್ರಂಥಗಳು, ಅವಶೇಷಗಳು, ಪುಟ್ಟ ಮಣ್ಣಿನ ಸ್ತೂಪಗಳು ಇವೆ. ನಮ್ಮ ಪ್ರಾಣಪ್ರತಿಷ್ಠೆಯ ಹಾಗೆ ಇದು. ತಗಡಿನ ಮೇಲೆ ಸಾಮಾನ್ಯವಾಗಿ ಎರಡು ವಜ್ರಾಯುಧಗಳು ಅಡ್ಡಡ್ಡ ಕೂಡಿದ ವಿಶ್ವವಜ್ರ ಕೆತ್ತಿರುತ್ತಾರೆ. ಪೀಠದ ಅಂಚಿನ ಲೋಹವನ್ನೇ ಉಳಿಯಿಂದ ಒತ್ತಿ ತಗಡನ್ನು ಹಿಡಿದಿಟ್ಟಿರುತ್ತಾರೆ.

ನಾನು ಎಡವಿದ್ದು ಇಲ್ಲೇ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ "ನೂರೈವತ್ತು ವರ್ಷದ್ದು" ಅಂತ ಹೇಳಿದ ಅಮಿತಾಯುಸ್ ಕೊಂಡೆ. ಮುಖ ನೋಡಿ ಮರುಳಾದೆ, ಅಡಿ ನೋಡಲಿಲ್ಲ. ಮನೆಗೆ ತಂದ ಮೇಲೆ ಬಿಸಿಲಲ್ಲಿ ತಿರುಗಿಸಿದರೆ ತಗಡಿನ ಸುತ್ತ ಅರಗು, ಅರಗಿನ ಕೆಳಗೆ ಈ ಕಾಲದ ಅಂಟು. ಚಿನ್ನವೂ ವಿದ್ಯುತ್ ಲೇಪ. ಹಣ ಹೋಗಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ಆ ಮೂರ್ತಿ ಮಾಡಿದ ಕುಶಲಕರ್ಮಿ ಸುಳ್ಳು ಹೇಳಿರಲಿಲ್ಲ. ಅವನ ಕೆಲಸ ಚೆನ್ನಾಗಿಯೇ ಇತ್ತು. ನಡುವೆ ಯಾರೋ ಅದರ ಮೇಲೆ ಸುಳ್ಳು ವಯಸ್ಸು ಹೊರಿಸಿದ್ದರು.

ಅಡಿ ಮುಚ್ಚಿದ್ದರೆ ತೆಗೆಸಬೇಡಿ. ತೆಗೆದರೆ ಬೆಲೆಯೂ ಇಳಿಯುತ್ತದೆ, ಶ್ರದ್ಧೆ ಇರುವವರಿಗೆ ಪ್ರತಿಷ್ಠೆಯೂ ಮುರಿಯುತ್ತದೆ. ಎಕ್ಸ್‌ರೇ ಮಾಡಿಸಿ ಒಳಗೆ ಏನಿದೆ ಅಂತ ನೋಡಬಹುದು. ಅಡಿ ತೆರೆದೇ ಇದ್ದರೆ ಮೂರ್ತಿ ಸುಳ್ಳು ಅಂತೇನಲ್ಲ, ಎಷ್ಟೋ ಹಳೆಯ ಮೂರ್ತಿಗಳನ್ನು ಒಳಗಿನ ವಸ್ತುವಿನ ಆಸೆಗೆ ಒಡೆದಿದ್ದಾರೆ. ಆಗ ಒಳಮೈ ನೋಡಿ. ಅಲ್ಲಿಯ ಲೋಹ ಹಳೆಯದಾಗಿ ಕಪ್ಪಗಿರಬೇಕು.

ಕಾಗದ

ಇಷ್ಟು ಹೊತ್ತು ಲೋಹದ ಮಾತಾಯ್ತು. ನಿರ್ಧಾರ ಮಾಡುವುದು ಮಾತ್ರ ಕಾಗದವೇ.

ಹಿಮಾಲಯದ ಮೂರ್ತಿಗಳು ಮಾರುಕಟ್ಟೆಗೆ ಬಂದ ದಾರಿ ನೆನಪಿಡಿ. ಟಿಬೆಟ್‌ನ ಮಠಗಳು ಚೀನಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಲೂಟಿಯಾದವು. ಎಷ್ಟೋ ಮೂರ್ತಿಗಳು ಕುಲುಮೆಗೆ ಹೋದವು. 1959ರ ನಂತರ ಟಿಬೆಟ್‌ನಿಂದ ಓಡಿ ಬಂದವರು ಮನೆದೇವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು, ಕೆಲವರು ಹೊಟ್ಟೆಪಾಡಿಗೆ ಮಾರಿದರು. ನೇಪಾಳದಲ್ಲಿ ಬಹಾ, ಬಹಿ ಅಂತ ಕರೆಯುವ ವಿಹಾರಗಳ ಗುಡಿಯಿಂದ ರಾತ್ರೋರಾತ್ರಿ ದೇವರು ಮಾಯವಾದವು. ನಮ್ಮಲ್ಲೂ 1961ರಲ್ಲಿ ನಾಲಂದಾ ಮ್ಯೂಸಿಯಂನಿಂದ 14 ಮೂರ್ತಿಗಳು ಕಳುವಾದವು. ಅದರಲ್ಲೊಂದು ಕಂಚಿನ ಬುದ್ಧ ಲಂಡನ್‌ನಲ್ಲಿ ಸಿಕ್ಕಿ, 2018ರ ಆಗಸ್ಟ್ 15ರಂದು ಅಲ್ಲಿನ ಪೊಲೀಸರು ಭಾರತದ ಹೈಕಮಿಷನರ್‌ಗೆ ಒಪ್ಪಿಸಿದರು. 57 ವರ್ಷ ಆ ಬುದ್ಧ ಕೈಯಿಂದ ಕೈಗೆ ಹೋಗಿದ್ದಾನೆ. ಕೊಂಡವರಲ್ಲಿ ಎಷ್ಟು ಜನ "ಎಲ್ಲಿಂದ ಬಂತು?" ಅಂತ ಕೇಳಿರಬಹುದು?

ಆದ್ದರಿಂದ ಮೂರ್ತಿ 1970ಕ್ಕೆ ಮುಂಚೆ ಎಲ್ಲಿತ್ತು ಅಂತ ಕೇಳಿ. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ ಆ ವರ್ಷ ಆಯಿತು, ದೊಡ್ಡ ಮ್ಯೂಸಿಯಂಗಳು ಅದನ್ನೇ ಗಡಿಯಾಗಿ ಇಟ್ಟುಕೊಂಡಿವೆ. ಹಳೆಯ ಹರಾಜು ಕ್ಯಾಟಲಾಗು, ಬಿಲ್ಲು, ಪ್ರದರ್ಶನದ ಪುಸ್ತಕ, ಇಸವಿ ಇರುವ ಫೋಟೋ ಯಾವುದಾದರೂ ಇರಲಿ. "ಯುರೋಪಿನ ಖಾಸಗಿ ಸಂಗ್ರಹ" ಅನ್ನುವ ಒಂದು ಸಾಲು ಸಾಲದು. ಇಂಟರ್‌ಪೋಲ್‌ನ ಐಡಿ-ಆರ್ಟ್ ಆ್ಯಪ್‌ನಲ್ಲಿ ಕಳುವಾದ ವಸ್ತುಗಳನ್ನು ಹುಡುಕಬಹುದು. ಲಂಡನ್‌ನ ಆರ್ಟ್ ಲಾಸ್ ರಿಜಿಸ್ಟರ್ ಹಣ ಪಡೆದು ಹುಡುಕಿ ಕೊಡುತ್ತದೆ.

ಭಾರತದೊಳಗೆ ಕೊಳ್ಳುವುದಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಬರುತ್ತದೆ. ಅದು 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಶಿಲ್ಪ ಪ್ರಾಚ್ಯವಸ್ತು. ಮಾರುವವರಿಗೆ ಲೈಸೆನ್ಸ್ ಬೇಕು. ಲೋಹದ ಶಿಲ್ಪ ನೋಂದಣಿ ಆಗಿರಬೇಕು, ಆ ಪತ್ರದ ಫೋಟೋಗೂ ಮೂರ್ತಿಗೂ ತಾಳೆ ಆಗಬೇಕು. ಕೈ ಬದಲಾದಾಗ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಒಯ್ದರೆ ಆರು ತಿಂಗಳಿಂದ ಮೂರು ವರ್ಷ ಜೈಲು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರು ಊರಿಗೆ ಬಂದಾಗ ಮನೆಯ ಹಳೆಯ ಮೂರ್ತಿಯನ್ನು ಸೂಟ್‌ಕೇಸಿಗೆ ಹಾಕುವ ಮುಂಚೆ ಇದನ್ನು ತಿಳಿದಿರಬೇಕು. ಅಲ್ಲಿ ಕೊಂಡು ಇಲ್ಲಿಗೆ ತರುವವರೂ ಅಷ್ಟೇ. ಒಮ್ಮೆ ಬಂದ ಹಳೆಯ ಮೂರ್ತಿ ಮತ್ತೆ ಹೊರಗೆ ಹೋಗುವುದು ಸುಲಭವಿಲ್ಲ.

ನೇಪಾಳದಲ್ಲೂ ನೂರು ವರ್ಷ ಮೀರಿದ್ದನ್ನು ಹೊರಗೆ ತರುವಂತಿಲ್ಲ. ಹೊಸದಕ್ಕೂ ಕಠ್ಮಂಡುವಿನ ಪುರಾತತ್ವ ಇಲಾಖೆಯ ಪತ್ರ ಮಾಡಿಸಿಕೊಳ್ಳಿ. "ಹಳೆಯದು, ಆದರೆ ಹೊಸದು ಅಂತ ಪತ್ರ ಮಾಡಿಸಿಕೊಡ್ತೀನಿ" ಅಂದವರ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ಮೂರ್ತಿ ಹಳೆಯದಾಗಿದ್ದರೆ ಅದು ಕಳ್ಳಸಾಗಣೆ. ಹೊಸದಾಗಿದ್ದರೆ ಮೋಸ.

ಹೊಸದು ಅಂದರೆ ಕಡಿಮೆಯೇ?

ಇಲ್ಲ. ಪಾಟನ್‌ನಲ್ಲಿ ಶಾಕ್ಯ ಮನೆತನಗಳು ತಲೆತಲಾಂತರದಿಂದ ಇದೇ ಕೆಲಸ ಮಾಡುತ್ತಿವೆ. ಮೊದಲು ಮೇಣದಲ್ಲಿ ಮೂರ್ತಿ. ಅದರ ಮೇಲೆ ಸಗಣಿ, ಭತ್ತದ ಹೊಟ್ಟು ಬೆರೆಸಿದ ಮಣ್ಣಿನ ಪದರಗಳು. ಒಣಗಿಸಿ, ಕಾಯಿಸಿ, ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ. ಅಚ್ಚು ಒಡೆದ ಮೇಲೆ ಉಳಿಯ ಕೆಲಸ ತಿಂಗಳುಗಟ್ಟಲೆ. ಆಮೇಲೆ ಚಿನ್ನ, ಕೊನೆಗೆ ಮುಖಕ್ಕೆ ಬಣ್ಣ. ನಿಮ್ಮ ಹಳೆಯ ತಾರೆ ಹುಟ್ಟಿದ್ದೂ ಹೀಗೇ.

ಬೆಲೆ ಕೇಳುವಾಗ ಎತ್ತರ ಒಂದನ್ನೇ ಹೋಲಿಸಬೇಡಿ. ಮೈಯೆಲ್ಲ ಚಿನ್ನವೋ, ಅರ್ಧ ಮಾತ್ರವೋ? ಬೆಂಕಿ ಲೇಪವೋ, ವಿದ್ಯುತ್ ಲೇಪವೋ? ಲೋಹ ತಾಮ್ರವೋ, ಹಿತ್ತಾಳೆಯೋ? ಮೇಣದ ಮೂರ್ತಿ ಕೈಯಲ್ಲಿ ಮಾಡಿದ್ದೋ, ರಬ್ಬರ್ ಅಚ್ಚಿನಿಂದ ತೆಗೆದ ಪ್ರತಿಯೋ? ಈ ನಾಲ್ಕಕ್ಕೆ ಬಿಲ್ಲಿನಲ್ಲಿ ಉತ್ತರ ಬರೆಸಿಕೊಳ್ಳಿ. ನಾನು ಮೊದಲು ನೋಡುವುದು ಬೆರಳುಗಳ ನಡುವಿನ ಸಂದಿ. ಅವಸರದ ಕೆಲಸದಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿ, ಮೇಲೆ ಗೆರೆ ಮಾತ್ರ ಎಳೆದಿರುತ್ತಾರೆ. ಪಾಟನ್‌ಗೆ ಹೋದರೆ ಅಂಗಡಿಗೆ ಹೋಗುವ ಮುನ್ನ ದರ್ಬಾರ್ ಚೌಕದ ಪಾಟನ್ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯಿರಿ. ಎರಕ, ಲೇಪ ಎರಡನ್ನೂ ಹಂತಹಂತವಾಗಿ ತೋರಿಸಿದ್ದಾರೆ. ಅಲ್ಲಿಂದ ಬಂದ ಕಣ್ಣು ಬೇರೆಯೇ ಆಗಿರುತ್ತದೆ. ಭಾರತದಲ್ಲೇ ಬೇಕಾದರೆ ಧರ್ಮಶಾಲಾ ಹತ್ತಿರದ ನೋರ್ಬುಲಿಂಗ್ಕಾದಲ್ಲಿ ತಾಮ್ರದ ತಗಡು ಬಡಿದು ಮಾಡುವ ಮೂರ್ತಿ ಕೆಲಸ ಇದೆ.

ಹೊಸದರ ಕೊರತೆ ಒಂದೇ. ನಾಳೆ ಮಾರಿದರೆ ಲಾಭ ಬರುತ್ತದೆ ಅಂತ ಲೆಕ್ಕ ಹಾಕುವ ಹಾಗಿಲ್ಲ. ಹಾಗೆ ಲೆಕ್ಕ ಹಾಕುವವರು ದೇವರನ್ನು ಬಿಟ್ಟು ಬೇರೆ ಏನಾದರೂ ಕೊಳ್ಳಲಿ ಅಂತ ನನ್ನ ಮನಸ್ಸು ಹೇಳುತ್ತದೆ.

ಮನೆಗೆ ಬಂದ ಮೇಲೆ

ಹುಣಸೆಹಣ್ಣು ಬೇಡ. ಪೀತಾಂಬರಿಯೂ ಬೇಡ. ಹಬ್ಬದ ಹಿಂದಿನ ದಿನ ದೀಪ, ತಂಬಿಗೆ ಜೊತೆ ಇದನ್ನೂ ತಿಕ್ಕಿಬಿಡುವ ಅಭ್ಯಾಸ ನಮ್ಮದು. ಮುಖದ ಚಿನ್ನ ಅಂಟಿನಲ್ಲಿ ನಿಂತಿರುವುದು, ಒಂದು ತೊಳೆತಕ್ಕೆ ಕಣ್ಣು ತುಟಿ ಎಲ್ಲ ಹೋಗುತ್ತದೆ. ಮೆದು ಕುಂಚದಿಂದ ಧೂಳು ತೆಗೆದರೆ ಸಾಕು. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ತೇವದ ಮೇಲೆ ಕಣ್ಣಿರಲಿ. ಗಟ್ಟಿಯಾದ ಹಳೆಯ ಕಿಲುಬು ಹೆದರುವಂಥದ್ದಲ್ಲ. ತಿಳಿಹಸಿರು ಪುಡಿ ಉದುರಲು ಶುರುವಾದರೆ ಮಾತ್ರ ಅದು ಲೋಹ ತಿನ್ನುವ ರೋಗ, ಕೂಡಲೇ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಎತ್ತುವಾಗ ಕೈ ಹಿಡಿದೋ ಕಿರೀಟ ಹಿಡಿದೋ ಎತ್ತಬೇಡಿ, ಪೀಠದ ಕೆಳಗೆ ಎರಡೂ ಕೈ ಕೊಡಿ.

ಗೆಳತಿ ಆ ಮಾರಾಟಗಾರರಿಗೆ ಮೂರು ವಿಷಯ ಕೇಳಿದಳು: ನೋಂದಣಿ ಪತ್ರ, 1970ಕ್ಕೆ ಮುಂಚಿನ ಒಂದಾದರೂ ದಾಖಲೆ, ಅಡಿಯ ಫೋಟೋ. ಮೂರೂ ಬರಲಿಲ್ಲ. ಬೆಲೆ ಅರ್ಧಕ್ಕೆ ಇಳಿದು ಬಂತು. ಅವಳು ಪಾಟನ್‌ಗೆ ಬರೆದಳು. ಮೊನ್ನೆ ಮೇಣದ ತಾರೆಯ ಫೋಟೋ ಕಳಿಸಿದ್ದಾಳೆ. ಬಲಗಾಲು ಕೆಳಗಿಳಿದು ಕೂತಿದೆ, ಎಡಗೈಯ ಹೂವಿನ ಬಳ್ಳಿ ಇನ್ನೂ ಮೂಡಿಲ್ಲ.